ಸೋಪಿಗೆ ನೀಲಿಯಾದ ಕಲೆ

ಸೊಸೆಯ ಸಮವಸ್ತ್ರದ ತೋಳಿನ ಮೇಲೆ ಕೆಂಪು ಕಲೆ ಕಂಡದ್ದೇ ತಡ, ಅತ್ತೆಯ ಕಣ್ಣು ಚುರುಕಾಯಿತು. ಜೀವಮಾನವೆಲ್ಲ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಮೇಜುಬಟ್ಟೆ ಉಜ್ಜಿದವಳು ಅವಳು. ಕಲೆ ನೋಡಿಯೇ ಉಂಡವರ ಜಾತಕ ಹೇಳುತ್ತಿದ್ದಳು. ಕೆಲಸ ಬಿಟ್ಟ ಮೇಲೂ ಸೊಸೆಯ ಬಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ.

ಸೊಸೆ ನಗರದ ಬಸ್ಸು ಓಡಿಸುತ್ತಾಳೆ. ಇತ್ತೀಚೆಗೆ ಅವಳ ವರಸೆಯೇ ಬೇರೆಯಾಗಿತ್ತು. ಬೆಳಿಗ್ಗೆ ಅಡುಗೆಮನೆಯ ಬಾಗಿಲು ಓರೆ ಮಾಡಿಕೊಂಡು ಫ್ಲಾಸ್ಕಿಗೆ ಏನೋ ಕೆಂಪಗಿನದನ್ನು ಬಗ್ಗಿಸಿಕೊಳ್ಳುವಳು. ಓಟ್ಸ್ ಗಂಜಿಗೆ, ಮೊಸರಿಗೆ ಒಣಗಿದ ಕೆಂಪು ಹಣ್ಣು ಉದುರಿಸಿಕೊಂಡು ತಿನ್ನುವಳು. ಉಳಿದದ್ದನ್ನು ಕಪಾಟಿನಲ್ಲಿಟ್ಟು ಬೀಗ ಜಡಿಯುವಳು. "ಅದೇನೇ ಅದು?" ಎಂದರೆ, "ಕ್ರ್ಯಾನ್‌ಬೆರಿ ಅತ್ತೆ, ಹೊರದೇಶದ ಹಣ್ಣು, ಆರೋಗ್ಯಕ್ಕೆ ಒಳ್ಳೇದು," ಎಂದು ಮಾತು ತೇಲಿಸುವಳು.

ಒಳ್ಳೆಯದಾದರೆ ಬೀಗ ಯಾಕೆ? ಮನೆಯಲ್ಲಿ ಉಳಿದವರಿಗೆ ಆರೋಗ್ಯ ಬೇಡವೇ? ಹಣ್ಣು ಬಾಯಿವಾಸನೆ ಮುಚ್ಚುವುದಕ್ಕೆ, ಫ್ಲಾಸ್ಕಿನೊಳಗಿರುವುದು ಬೇರೆಯೇ ಎಂದು ಅತ್ತೆ ಲೆಕ್ಕ ಹಾಕಿದಳು.

ಕಲೆಗೆ ಸೋಪು ತಿಕ್ಕಿದಳು. ಕೆಂಪು ಮಂಕಾಗಿ ನೀಲಿಗೆ ತಿರುಗಿತು. ಲಾಂಡ್ರಿಯಲ್ಲಿ ವೈನ್ ಚೆಲ್ಲಿದ ಮೇಜುಬಟ್ಟೆಯೂ ಸೋಪು ಬಿದ್ದರೆ ಹೀಗೇ ನೀಲಿಯಾಗುತ್ತಿತ್ತು. ಇನ್ನೇನು ಸಾಕ್ಷಿ ಬೇಕು?

ಮಗನಿಗೆ ಹೇಳಿದರೆ, "ನಿನಗೆ ಕೂತಲ್ಲಿ ನಿಂತಲ್ಲಿ ಅನುಮಾನ ಅಮ್ಮ," ಎಂದು ನಕ್ಕುಬಿಟ್ಟ. ಹೆಂಡತಿ ಹಾಕಿದ ಗೆರೆ ದಾಟದವನು ಇನ್ನೇನು ಹೇಳಿಯಾನು. ಆದರೆ ಆ ಬಸ್ಸಿನಲ್ಲಿ ಮಕ್ಕಳು ಮರಿ ಕೂತಿರುತ್ತಾರಲ್ಲ ಎಂದು ಅತ್ತೆಗೆ ನಿಜವಾಗಿಯೂ ಭಯವಾಯಿತು. ಮರುದಿನ ಸೊಸೆ ಕೆಲಸಕ್ಕೆ ಹೊರಟ ಮೇಲೆ ಹೆಸರು ಹೇಳದೆ ಡಿಪೋಗೆ ಫೋನ್ ಮಾಡಿದಳು.

ಅಂದು ಸೊಸೆ ಬೇಗ ಬಂದಳು. ಕಣ್ಣು ಊದಿಕೊಂಡಿತ್ತು. ಶೂ ಬಿಚ್ಚದೆಯೇ ಕುರ್ಚಿಯ ಮೇಲೆ ಕುಸಿದಳು.

"ಡಿಪೋದವರು ನಡುದಾರೀಲಿ ಬಸ್ಸು ನಿಲ್ಲಿಸಿ ನನ್ನ ಕೆಳಗಿಳಿಸಿದ್ರು ಅತ್ತೆ. ಎಲ್ಲರ ಮುಂದೆ ಕುಡಿದಿದ್ದೀನಾ ಅಂತ ಮಿಷನ್ನಿಗೆ ಊದಿಸಿದ್ರು."

ಅತ್ತೆ ಹತ್ತಿರ ಬಂದಳು. "ಏನು ಬಂತು?"

"ಏನ್ ಬರುತ್ತೆ? ಕುಡಿದಿದ್ರೆ ತಾನೇ ಬರೋದು." ಸೊಸೆ ಫ್ಲಾಸ್ಕನ್ನು ಮೇಜಿನ ಮೇಲಿಟ್ಟಳು. "ನಾವು ಹೋಗೋ ದಾರೀಲಿ ಹೆಂಗಸರಿಗೆ ಒಂದೂ ಶೌಚಾಲಯ ಇಲ್ಲ. ಅದಕ್ಕೇ ನೀರೇ ಕುಡೀತಿರಲಿಲ್ಲ. ಉರಿಮೂತ್ರ ಮತ್ತೆ ಮತ್ತೆ ಬರ್ತಿತ್ತು. ಮಾತ್ರೆಯಲ್ಲಿ ವಾಸಿಯಾಯ್ತು. ಡಾಕ್ಟರು ಮೊದಲು ನೀರು ಕುಡಿ ಅಂದ್ರು. ಸಕ್ಕರೆ ಹಾಕದ ಈ ಹಣ್ಣಿನ ರಸ ಕುಡಿದ್ರೆ ಕೆಲವರಿಗೆ ಮತ್ತೆ ಬರೋದು ಕಮ್ಮಿಯಾಗಬಹುದು, ಆದ್ರೆ ಬಂದದ್ದನ್ನ ವಾಸಿ ಮಾಡಲ್ಲ ಅಂದ್ರು. ನಿಮ್ಮ ಹತ್ರ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು."

ಅತ್ತೆಗೆ ಲಾಂಡ್ರಿ ನೆನಪಾಯಿತು. ದಿನವಿಡೀ ನೀರಿನಲ್ಲೇ ನಿಂತಿದ್ದರೂ, ಮೇಲ್ವಿಚಾರಕನ ಮುಖಕ್ಕೆ ಹೆದರಿ ಅವಳೂ ತಡೆದುಕೊಂಡವಳೇ. ಆ ಉರಿಯನ್ನು ಹಲ್ಲು ಕಚ್ಚಿ ನುಂಗಿದ್ದಳು, ಯಾರಿಗೂ ಹೇಳಿರಲಿಲ್ಲ. ಆದರೂ ಹುಟ್ಟುಗುಣ ಬಿಡಬೇಕಲ್ಲ.

"ಮತ್ತೆ ಬೀಗ ಯಾಕೆ ಹಾಕ್ತಿದ್ದೆ?"

"ನಿಮಗೋಸ್ಕರಾನೇ. ರಕ್ತ ತೆಳುವಾಗೋ ಮಾತ್ರೆ ತಗೋತೀರಲ್ಲ, ಅದಕ್ಕೂ ಇದಕ್ಕೂ ಹೊಂದದೇ ಇರಬಹುದು, ಡಾಕ್ಟರನ್ನ ಕೇಳದೆ ಕೊಡಬೇಡಿ ಅಂದ್ರು ಔಷಧಿ ಅಂಗಡಿಯವರು. ಬೇಡ ಅಂದ್ರೆ ನೀವು ಕದ್ದಾದ್ರೂ ತಿಂತೀರ."

ಅದು ನಿಜವಾಗಿತ್ತು. ಅತ್ತೆ ತಲೆ ತಗ್ಗಿಸಿದಳು. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಅನ್ನಿಸಿತು.

ಸೊಸೆ ಎದ್ದು ನಲ್ಲಿ ತಿರುಗಿಸಿ ಫ್ಲಾಸ್ಕ್ ತೊಳೆಯತೊಡಗಿದಳು. ಬೆನ್ನು ಮಾಡಿಕೊಂಡೇ ಮಾತಾಡಿದಳು.

"ಫೋನ್ ಮಾಡಿದವರು ಹೆಸರು ಹೇಳಲಿಲ್ಲವಂತೆ. ಯಾರೋ ವಯಸ್ಸಾದ ಹೆಂಗಸಂತೆ. ಕಲೆಗೆ ಸೋಪು ಹಚ್ಚಿ ನೋಡಿದೆ, ನೀಲಿಗೆ ತಿರುಗಿತು, ಅದು ವೈನೇ ಅಂದರಂತೆ. ಈ ಹಣ್ಣಿನ ರಸಾನೂ ಸೋಪಿಗೆ ನೀಲಿ ಆಗುತ್ತೆ."

ನೀರು ಸುರಿಯುತ್ತಲೇ ಇತ್ತು. ಸೊಸೆ ಫ್ಲಾಸ್ಕನ್ನು ಬೋರಲು ಹಾಕಿ, ಕೈ ಒರೆಸಿಕೊಂಡು, ಹಗ್ಗದ ಮೇಲಿದ್ದ ತನ್ನ ಸಮವಸ್ತ್ರವನ್ನು ತೆಗೆದುಕೊಂಡಳು.

"ಇನ್ಮೇಲೆ ನನ್ನ ಬಟ್ಟೆ ನಾನೇ ಒಗ್ಕೋತೀನಿ ಅತ್ತೆ," ಎಂದಳು.