ಬೇಸ್‌ಮೆಂಟಿನ ಬುಡಾಪೆಸ್ಟು

ಮಿಸ್ಸಿಸಾಗದ ಸ್ಟ್ರೀಟ್ಸ್‌ವಿಲ್ಲಿನಲ್ಲಿರುವ ಸುನೀಲಕುಮಾರನ ಮನೆಯಲ್ಲಿ ಶನಿವಾರದ ಊಟವೆಂದರೆ ಎಲ್ಲರಿಗೂ ಅವರವರ ಜಾಗ ಗೊತ್ತು. ಗಂಡಸರು ಒಳಗೆ ಕಾಲಿಟ್ಟವರೇ, ಹೆಂಡತಿಯ ಕೈಯಲ್ಲಿರುವ ಅಲ್ಯುಮಿನಿಯಂ ಟ್ರೇ ಕಡೆ ಕಣ್ಣೂ ಹಾಯಿಸದೆ, ಸೀದಾ ಬೇಸ್‌ಮೆಂಟಿಗೆ ಇಳಿಯುತ್ತಾರೆ, ಅಲ್ಲಿ ಬಾರು. ಹೆಂಗಸರು ಟ್ರೇ ಹೊತ್ತು ಅಡುಗೆಮನೆಗೆ ಹೋಗುತ್ತಾರೆ, ಅಲ್ಲಿ ಮಿಕ್ಕಿದ್ದೆಲ್ಲ. ಹೀಗೇ ಮಾಡಿ ಅಂತ ಯಾರೂ ಬೋರ್ಡು ಹಾಕಿಲ್ಲ. ಎಲ್ಲರೂ ಓದಿದವರು, ಸಮಾನತೆಯ ಬಗ್ಗೆ ಆಫೀಸಿನಲ್ಲಿ ಟ್ರೇನಿಂಗು ಮುಗಿಸಿ ಸರ್ಟಿಫಿಕೇಟು ಪಡೆದವರು.

ಆ ಸಂಜೆ ನೀರಜಾ ಮೆಣಸಿನಕಾಯಿ ಬಜ್ಜಿ ಕರಿಯುತ್ತ ನಿಂತಿದ್ದಳು. ಬೇಸ್‌ಮೆಂಟಿನ ಬಾಗಿಲು ಒಲೆಯ ಪಕ್ಕದಲ್ಲೇ. ಕೆಳಗಿನಿಂದ ಅವಳ ಗಂಡ ಭಾಸ್ಕರನ ದನಿ ಮೆಟ್ಟಿಲು ಹತ್ತಿ ಬರುತ್ತಿತ್ತು.

"ಬುಡಾಪೆಸ್ಟ್ ನೈಟ್‌ಲೈಫ್ ಅಂದ್ರೆ ಸುಮ್ನೆ ಅಲ್ಲ ಕಣ್ರೀ. ಪಾಳು ಬಿದ್ದಿರೋ ಮನೇನೇ ಬಾರ್ ಮಾಡಿದ್ದಾರೆ. ಗೋಡೆ ಗಾರೆ ಉದುರ್ತಾ ಇದೆ, ಅಂಗಳದಲ್ಲಿ ಹಳೇ ಬಾತ್‌ಟಬ್ಬು, ಅದರೊಳಗೆ ಕೂತ್ಕೊಂಡು ಕುಡೀತಾರೆ. ನಾನು ಎಂಟರ್ ಆದಾಗ ಹನ್ನೊಂದೂವರೆ..."

ನೀರಜಾ ಬಜ್ಜಿ ಮಗುಚಿದಳು. ಹನ್ನೊಂದೂವರೆಗೆ ಎಂಟರ್ ಆದದ್ದು ಅವಳು. ಆ ಹೊತ್ತಿಗೆ ಈ ಮಹಾರಾಯ ಹೋಟೆಲಿನ ರೂಮಿನಲ್ಲಿ, ಸೂಟ್‌ಕೇಸಿನಲ್ಲಿ ಹೊತ್ತೊಯ್ದಿದ್ದ ಪುಟ್ಟ ಕುಕ್ಕರಿನಲ್ಲಿ ಅನ್ನ ಮಾಡಿ, ಮೊಸರು ಕಲಸಿ ತಿಂದು, ಗೊರಕೆ ಹೊಡೆಯುತ್ತಿದ್ದ.

ಮದುವೆಯಾಗಿ ಇಪ್ಪತ್ತು ವರ್ಷವಾಯಿತೆಂದು ಮೇ ತಿಂಗಳಲ್ಲಿ ಇಬ್ಬರೂ ಬುಡಾಪೆಸ್ಟಿಗೆ ಹೋಗಿದ್ದರು. ಭಾಸ್ಕರ ಸಾಫ್ಟ್‌ವೇರಿನವನು, ಮೋಜಿಗೂ ಎಕ್ಸೆಲ್ ಶೀಟು ಮಾಡಿಕೊಂಡಿದ್ದ. ಆರು ಬಾರು, ಮೂರು ಕ್ಲಬ್ಬು, ಒಂದೊಂದಕ್ಕೂ ರೇಟಿಂಗು, ಹೋಟೆಲಿನಿಂದ ಎಷ್ಟು ನಿಮಿಷದ ನಡಿಗೆ, ಎಲ್ಲ ಇತ್ತು. ಎಷ್ಟು ಗಂಟೆಗೆ ತೆರೆಯುತ್ತದೆ ಎಂಬ ಒಂದು ಕಾಲಮ್ಮು ಮಾತ್ರ ಇರಲಿಲ್ಲ. ಮೊದಲ ಸಂಜೆ ಆರೂಮುಕ್ಕಾಲಿಗೆ, ಸಂಘದ ಕಾರ್ಯಕ್ರಮಕ್ಕೆ ಮುಂದಿನ ಸಾಲು ಹಿಡಿಯುವವರ ಹಾಗೆ, ಕ್ಲಬ್ಬಿನ ಬಾಗಿಲಿಗೆ ಹೋಗಿ ನಿಂತರು. ಒಳಗೆ ಒಬ್ಬ ನೆಲ ಒರೆಸುತ್ತಿದ್ದ. ಹನ್ನೊಂದಕ್ಕೆ ಬನ್ನಿ ಅಂದ.

"ಹನ್ನೊಂದು ಗಂಟೆಗೆ ಮನೆ ಬಿಟ್ಟು ಹೊರಡ್ತಾರಾ? ಇವರಿಗೆಲ್ಲ ಕೆಲಸ ಇಲ್ವಾ?" ಎಂದು ಭಾಸ್ಕರ ಇಡೀ ಯುರೋಪಿಗೆ ಬೈದು, ಒಂಬತ್ತೂವರೆಗೆ ಮಲಗಿದ. ನೀರಜಾಗೆ ನಿದ್ದೆ ಬರಲಿಲ್ಲ. ಹೊರಗೆ ಊರು ಆಗಷ್ಟೇ ಏಳುತ್ತಿತ್ತು. ಹಾಳಾಗಿ ಹೋಗಲಿ ಅಂದುಕೊಂಡು ಕೋಟು ಹಾಕಿಕೊಂಡಳು. ತಮ್ಮೂರು ಮಿಸ್ಸಿಸಾಗದಲ್ಲಿ ಕತ್ತಲಾದ ಮೇಲೆ ಒಬ್ಬಳೇ ಕಾಫಿಗೂ ಹೋಗದವಳು ಶೀಟಿನ ಎರಡನೇ ಸಾಲಿನ ಬಾರಿಗೆ ನಡೆದಳು.

ವಾಪಸ್ ಬಂದ ಮೇಲಿನ ಮೊದಲ ಪಾರ್ಟಿಯಲ್ಲಿ ಯಾರೋ "ನೈಟ್‌ಲೈಫ್ ಹೆಂಗಿತ್ರಿ?" ಅಂದದ್ದೇ ತಡ, ಭಾಸ್ಕರ ಅವಳಿಂದ ಅರ್ಧಂಬರ್ಧ ಕೇಳಿದ್ದನ್ನು ತನ್ನದೇ ಮಾಡಿಕೊಂಡು ಶುರು ಹಚ್ಚಿಕೊಂಡ. ಕಾರಿನಲ್ಲಿ ನೀರಜಾ ಕೇಳಿದ್ದಕ್ಕೆ, "ಹೆಂಗಸು ಒಬ್ಬಳೇ ಕ್ಲಬ್ಬಿಗೆ ಹೋಗಿದ್ಲು ಅಂದ್ರೆ ಜನ ಏನಂತಾರೆ? ನಿನ್ನ ಮರ್ಯಾದೆ ಉಳಿಸಿದೀನಿ ಕಣೇ," ಅಂದ. ಎಂಥ ತ್ಯಾಗ! ಜನದ ಭಯಕ್ಕೆ ಅವಳೂ ಬಾಯಿ ಮುಚ್ಚಿಕೊಂಡಳು. ಆಮೇಲೆ ಅದೇ ಕಥೆ ಬ್ರ್ಯಾಂಪ್ಟನ್ನಿನಲ್ಲಿ ಒಮ್ಮೆ, ಸ್ಟೌಫ್‌ವಿಲ್ಲಿನ ಗೃಹಪ್ರವೇಶದಲ್ಲಿ ಒಮ್ಮೆ, ಈಗ ಇಲ್ಲಿ. ಇಪ್ಪತ್ತು ವರ್ಷದಲ್ಲಿ ಯಾರ ಅಮ್ಮನೂ, ಯಾರ ಹೆಂಡತಿಯೂ ಅಲ್ಲದೆ ಬರೀ ನೀರಜಾ ಆಗಿ ಕಳೆದದ್ದು ಅದೊಂದೇ ರಾತ್ರಿ. ಅದನ್ನೂ ಕಂತುಕಂತಾಗಿ ಕಿತ್ತುಕೊಳ್ಳುತ್ತಿದ್ದಾನಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

"ನಿಮಗ ಅವತ್ತ ತಲಿ ಸಿಡೀತಿತ್ತಂತಲ್ಲ, ನೀರಜಕ್ಕ?" ಸುನೀಲಕುಮಾರನ ಹೆಂಡತಿ ಮಾಧುರಿ ಈರುಳ್ಳಿ ಹೆಚ್ಚುತ್ತ ಕೇಳಿದಳು. "ಪಾಪ, ಅಷ್ಟ್ ದೂರ ಹೋಗಿ ರೂಮಿನ್ಯಾಗ ಮಲ್ಕೊಂಡ್ರಿ."

ಓಹೋ, ತಲೆನೋವು ಬೇರೆ ಬರಿಸಿದ್ದಾನೆ. ನೀರಜಾ ಏನೋ ಹೇಳುವಷ್ಟರಲ್ಲಿ ಕೆಳಗೆ ಸುನೀಲಕುಮಾರ, "ಮುಂದ ಹೇಳ್ರಿ ಭಾಸ್ಕರಣ್ಣ, ಆಕಿ ಬಂದ್ಲು..." ಅಂದ.

"ಬಂದ್ಲು. ಹೆಚ್ಚಂದ್ರೆ ಇಪ್ಪತ್ತೈದು ಇರ್ಬೇಕು. ಕೆಂಪು ಲಿಪ್‌ಸ್ಟಿಕ್ಕು. ಅಷ್ಟು ಜನರಲ್ಲಿ ಸೀದಾ ನನ್ನ ಹತ್ರಾನೇ ಬಂದು ಕೈ ಹಿಡಿದ್ಲು. ನಾನು ಬೇಡಮ್ಮ ಅಂದೆ, ಬಿಡ್ತಾಳಾ?"

ಗಂಡಸರು ಹೋ ಎಂದರು. ನೀರಜಾ ಒಲೆ ಆರಿಸಿ, ಬಜ್ಜಿಯ ತಟ್ಟೆ ಹಿಡಿದು ಮೆಟ್ಟಿಲಿಳಿದಳು. ತಟ್ಟೆಯನ್ನು ಬಾರಿನ ಮೇಲೆ ಕುಕ್ಕಿದಳು.

"ಅವಳಿಗೆ ಎಪ್ಪತ್ತೆರಡು," ಅಂದಳು. "ಹೆಸರು ಇಲೋನಾ. ಟ್ರಾಮ್ ಓಡಿಸಿ ರಿಟೈರ್ ಆದೋಳು. ಕೈ ಹಿಡಿದಿದ್ದು ನನ್ನದು. ಹೋಗಿದ್ದು ನಾನು, ಕುಣಿದಿದ್ದೂ ನಾನು. ಇವರು ಮಲಗಿದ್ರು."

ಬಾರಿನ ಸುತ್ತ ಕೂತಿದ್ದ ಆರೂ ಗಂಡಸರು ಬಿದ್ದು ಬಿದ್ದು ನಕ್ಕರು.

"ವೈನಿ ಭಾರಿ ಚಾಷ್ಟಿ ಮಾಡ್ತಾರ ನೋಡ್ರಿ!" ಸುನೀಲಕುಮಾರ ಕಣ್ಣೊರೆಸಿಕೊಂಡ. ಭಾಸ್ಕರ ಎಲ್ಲರಿಗಿಂತ ಜೋರಾಗಿ ನಕ್ಕು, "ನೀರಜಾ, ಸಾಸ್ ತರಲಿಲ್ವಾ?" ಅಂದ.

ಮರ್ಯಾದೆ ಹೋದೀತೆಂದು ನಾಲ್ಕು ತಿಂಗಳು ಹೆದರಿದ್ದಳು. ಕೊನೆಗೆ ನೋಡಿದರೆ, ಅಂಥದ್ದನ್ನು ಅವಳು ಮಾಡಿಯಾಳೆಂದು ನಂಬುವವರೇ ಇರಲಿಲ್ಲ. ಅವಮಾನಕ್ಕೆ ಅವಳ ಕಿವಿ ಬಿಸಿಯಾಯಿತು.

"ನಗಿ, ನಗಿ," ಅಂದಳು. "ಇದನ್ನ ನಾನು ಇವರಿಗೂ ಹೇಳಿಲ್ಲ. ಬಾಗಿಲ ಹತ್ರ ಒಂದು ಕೌಂಟರ್ ಇತ್ತು. ಹುಡುಗಿ ಟೋಕನ್ ಕೊಡ್ತಾ ಇದ್ಲು. ನಾನು, ನಮ್ಮ ದೇವಸ್ಥಾನದ ಥರ ಚಪ್ಪಲಿ ಬಿಡೋ ಜಾಗ ಅಂದ್ಕೊಂಡು, ಬೂಟು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅದು ಕೋಟು ಇಡೋ ಕೌಂಟರಂತೆ! ಆ ಹುಡುಗಿ ಒಂದು ಸಲ ಬೂಟು ನೋಡಿದ್ಲು, ಒಂದು ಸಲ ನನ್ನ ಮುಖ ನೋಡಿದ್ಲು. ಲೇಸ್ ಗಂಟು ಹಾಕಿ ಹ್ಯಾಂಗರಿಗೆ ನೇತು ಹಾಕಿ ಟೋಕನ್ ಕೊಟ್ಲು. ವಾಪಸ್ ಕೇಳೋಕೆ ನಾಚಿಕೆ. ಬೆಳಗಿನ ಜಾವ ನಾಲ್ಕು ಗಂಟೆ ತನಕ ಸಾಕ್ಸಲ್ಲೇ ಇದ್ದೆ."

ಮೆಟ್ಟಿಲ ಮೇಲಿಂದ ಕಿಸಕ್ಕನೆ ಸದ್ದು ಬಂತು. ಚಾಕು ಹಿಡಿದುಕೊಂಡೇ ಬಂದಿದ್ದ ಮಾಧುರಿ ನಗು ತಡೆಯಲಾರದೆ ಅಲ್ಲೇ ಕುಸಿದು ಕೂತಿದ್ದಳು. "ಅಯ್ಯ ಶಿವನ! ಕ್ಲಬ್ಬಿನ್ಯಾಗ ಬೂಟ್ ಬಿಚ್ಚಿದ್ರಿ? ಇದನ್ನ ಯಾರರ ಕಟ್ಟಿ ಹೇಳ್ತಾರೇನ್ರಿ? ಇದು ಖರೇನ ಐತಿ!"

ಅವಳ ಹಿಂದೆ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಇಳಿದು ಬಂದರು. ಆ ಬೇಸ್‌ಮೆಂಟಿಗೆ ಅಷ್ಟು ಸೀರೆ, ಅಷ್ಟು ಚೂಡಿದಾರ ಹಿಂದೆಂದೂ ಇಳಿದಿರಲಿಲ್ಲ. ಗಂಡಸರು ತಾವಾಗಿಯೇ ಜಾಗ ಬಿಟ್ಟರು. ಭಾಸ್ಕರನ ಮುಖ ನೋಡಿ ಸುನೀಲಕುಮಾರನಿಗೂ ಸತ್ಯ ತಿಳಿದುಹೋಗಿತ್ತು. "ಕುಂದರ್ರಿ ವೈನಿ," ಎಂದು ಎತ್ತರದ ಸ್ಟೂಲು ಎಳೆದು ಕೊಟ್ಟ. ನೀರಜಾ ಹತ್ತಿ ಕೂತಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದುದು ಅವಳಿಗೆ ಹಿತವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

ಗ್ಲಾಸು ಒಡೆದರೆ ಕಾಲಿಗೆ ಚುಚ್ಚೀತೆಂದು ಇಲೋನಾ ಅವಳನ್ನು ಮೂಲೆಗೆ ಕರೆದೊಯ್ದದ್ದು, ಅಲ್ಲೇ ಹೆಜ್ಜೆ ಹೇಳಿಕೊಟ್ಟದ್ದು, ಹಣ್ಣಿನ ಸಾರಾಯಿ ಒಂದೇ ಗುಟುಕಿಗೆ ಗಂಟಲು ಸುಟ್ಟದ್ದು, ಎಲ್ಲ ಹೇಳಿದಳು. ಬಜ್ಜಿ ಆರಿ ತಣ್ಣಗಾದರೂ ಯಾರೂ ಕೈ ಹಾಕಲಿಲ್ಲ.

"ಆಮೇಲೆ?"

ಕೇಳಿದವನು ಭಾಸ್ಕರ. ನಾಲ್ಕು ಸಲ ಆ ಕಥೆ ಹೇಳಿದವನಿಗೆ ಅದರ ಕೊನೆ ಗೊತ್ತಿರಲಿಲ್ಲ. ಕೊನೆ ಏನಾಯಿತೆಂದು ಅವಳನ್ನು ಅವನು ಕೇಳಿಯೇ ಇರಲಿಲ್ಲ.

"ಹೊರಡುವಾಗ, ನಿನ್ನ ಗಂಡ ಎಲ್ಲಿ ಅಂತ ಇಲೋನಾ ಕೇಳಿದ್ಲು. ಮಲಗಿದಾರೆ ಅಂದೆ. ನನ್ನವನೂ ಮಲಗಿದಾನೆ, ಮೂರು ವರ್ಷ ಆಯ್ತು, ಅಂತ ನೆಲದ ಕಡೆ ಬೆರಳು ತೋರಿಸಿದ್ಲು. ನಿನ್ನವನು ಎಬ್ಬಿಸಿದ್ರೆ ಏಳ್ತಾನೆ, ಹೋಗು, ಕರ್ಕೊಂಡು ಬಾ, ಬೆಳಗಾಗೋವಾಗ ನದಿ ನೋಡಿ ಅಂದ್ಲು."

ಭಾಸ್ಕರನ ಕೈಯಲ್ಲಿ ಗ್ಲಾಸು ಹಾಗೇ ಇತ್ತು. "ನನ್ನ ಎಬ್ಬಿಸಿದ್ಯಾ?"

"ಎರಡು ಸಲ," ಅಂದಳು ನೀರಜಾ.