ಹಕ್ಕಿ ಡ್ಯೂಟಿ

"ತಲೆ ತಗ್ಗಿಸೋ ಬೋಳಿಮಗನೆ. ಹಕ್ಕಿಗೆ ಅಷ್ಟು ದೊಡ್ಡ ಬುರುಡೆ ಎಲ್ಲಾದ್ರೂ ಇರುತ್ತೇನೋ?"

ಕಾಡಿನ ಆಫೀಸರು ಬೈಯುತ್ತಿದ್ದದ್ದು ಒಂದು ಪೊದೆಗೆ. ದೂರದಿಂದ ನೋಡಿದವರಿಗೆ, ಪಾಪ, ಮನುಷ್ಯನ ತಲೆಗೆ ಬಿಸಿಲೇರಿದೆ ಅನ್ನಿಸಬೇಕು. ಪೊದೆಯೊಳಗೆ ಸಿಳ್ಳೆ ಅನ್ನುವ ಹುಡುಗ ಕುಕ್ಕುರುಗಾಲಿನಲ್ಲಿ ಕೂತಿದ್ದ. ಬೆನ್ನಿಗೆ ಮುಳ್ಳು, ಅಂಡಿಗೆ ಇರುವೆ, ಮೈಗೆ ಆಫೀಸಿನವರು ಕೊಟ್ಟ ಹಸಿರು ಅಂಗಿ. ಎಲೆಯ ಜೊತೆ ಎಲೆಯಾಗಿ ಕಾಣದೆ ಹೋಗಲಿ ಅಂತ ಆ ಬಣ್ಣ.

"ಎಂಟ್ರಿ ಯಾವಾಗ ಅಂತ ಹೇಳಿ ಸಾರ್. ಹೀರೋ ಲೇಟಾಗಿ ಬರ್ತಾನೆ, ಆದ್ರೆ ಬಂದ್ಮೇಲೆ..."

"ಬಂದ್ಮೇಲೆ ಒದೆ ತಿಂತಾನೆ. ಬಾಯಿ ಮುಚ್ಕೊಂಡು ಕೂಗು."

ಬಾಯಿ ಮುಚ್ಚಿಕೊಂಡು ಕೂಗುವುದು ಹೇಗೆ ಎಂಬ ಪ್ರಶ್ನೆ ಸಿಳ್ಳೆಯ ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡು, ಎರಡು ಬೆರಳು ಬಾಯಿಗಿಟ್ಟು, ಮರಕುಟಿಗನ ಹೆಂಡತಿ ಮುನಿಸಿಕೊಂಡ ಹಾಗೆ ಒಂದು ದನಿ ತೆಗೆದ. ಆಫೀಸರು ತಲೆಯಾಡಿಸಿದ. ರಿಹರ್ಸಲ್ ಪಾಸು.

ಭಾನುವಾರ ಬಂತೆಂದರೆ ಪಟ್ಟಣದಿಂದ ಬಸ್ಸು ತುಂಬ ಜನ ಬರುತ್ತಿದ್ದರು. ಕಾಡಿನ ಬಳಗ ಅಂತ ಅವರದೊಂದು ಸಂಘ. ಚಪ್ಪಲಿ ಬಿಟ್ಟು ನಡೆಯುವುದು, ಮರ ತಬ್ಬಿಕೊಳ್ಳುವುದು, ಕಣ್ಣು ಮುಚ್ಚಿ ಕೂತು ಕಾಡಿನ ಮಾತು ಕೇಳುವುದು, ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಡಬ್ಬಿ ಬಿಚ್ಚುವುದು. ಎಲ್ಲ ಸರಿ. ಆದರೆ ಹಕ್ಕಿಗಳಿಗೆ ಸಂಘದ ಸದಸ್ಯತ್ವ ಇರಲಿಲ್ಲ. ಬಸ್ಸಿನ ಹಾರನ್ ಕೇಳಿದ್ದೇ ತಡ, ಕುಟುಂಬ ಸಮೇತ ಗುಡ್ಡದ ಆಚೆ ಹಾರಿಬಿಡುತ್ತಿದ್ದವು. ಹಕ್ಕಿಯೇ ಇಲ್ಲದ್ದು ಎಂಥ ಕಾಡು ಎಂದು ಮೊದಲ ಸಲ ಬಂದವರು ಮುಖ ಊದಿಸಿಕೊಂಡು ಹೋದ ಮೇಲೆ ಸಿಳ್ಳೆಗೆ ಹಕ್ಕಿ ಡ್ಯೂಟಿ ಬಿತ್ತು.

ಮಿಕ್ಕವರ ಡ್ಯೂಟಿ ಕಾಣದೆ ಇರುವುದು. ಸಿಳ್ಳೆಯ ಜನ ಈ ಕಾಡಿನೊಳಗೇ ಹುಟ್ಟಿ, ಇಲ್ಲೇ ಸತ್ತವರು. ಬೇಲಿ ಬಂತು, ಬೋರ್ಡು ಬಂತು, ಗುಡಿಸಲು ಎದ್ದು ಬೇಲಿಯಾಚೆ ತಗಡಿನ ಶೆಡ್ಡಿಗೆ ಹೋದವು. ಆಮೇಲೆ ಕಾಡು ನೋಡಿಕೊಳ್ಳಲು ಜನ ಬೇಕು ಅಂತ ಅವರನ್ನೇ ಕೂಲಿಗೆ ಕರೆದರು. ಹೆಂಡತಿಗೆ ಗಂಡನನ್ನು ಬಿಡಿಸಿ ಅವಳನ್ನೇ ಅದೇ ಮನೆಗೆ ಆಳಾಗಿ ಇಟ್ಟುಕೊಂಡ ಹಾಗೆ. ಸಿಳ್ಳೆಯ ಅಮ್ಮನದು ದಾರಿ ಗುಡಿಸುವ ಕೆಲಸ. ಗುಡಿಸಿ ಕನ್ನಡಿ ಮಾಡಿದ ಮೇಲೆ, ಚೀಲದಲ್ಲಿ ತುಂಬಿಟ್ಟ ಒಣಗಿದ ಎಲೆಯನ್ನು ಅದೇ ದಾರಿಗೆ ಚೆಲ್ಲಬೇಕು. ಬಂದವರ ಕಾಲ ಕೆಳಗೆ ಪರಪರ ಅನ್ನಬೇಕಲ್ಲ. ಚೆಲ್ಲೋದೇ ಆದರೆ ಗುಡಿಸೋದು ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ಆಫೀಸರು, ಆ ಎಲೆ ಬೇರೆ, ಈ ಎಲೆ ಬೇರೆ ಅಂದಿದ್ದ. ಬಸ್ಸು ಬಂದ ಮೇಲೆ ಕೂಲಿಯವರೆಲ್ಲ ಟಾಯ್ಲೆಟ್ ಗೋಡೆಯ ಹಿಂದೆ ಹೋಗಿ ಕೂರಬೇಕು. ಮನುಷ್ಯರು ಕಂಡರೆ ಕಾಡಿನ ಫೀಲ್ ಹೋಗುತ್ತದೆ ಅಂತ ಬಳಗದ ಮುಖಂಡೆ, ಗಾಡಿಚಕ್ರದಂಥ ಟೋಪಿ ಹಾಕುವ ಟೋಪಿ ಮೇಡಂ, ಅಪ್ಪಣೆ ಕೊಡಿಸಿದ್ದಳು.

ಆ ಭಾನುವಾರ ಅಮ್ಮ ಎಲೆ ಚೆಲ್ಲುತ್ತ ಹುಲ್ಲುಹಾಸಿನ ತನಕ ಬಂದವಳು ಅಲ್ಲೇ ನಿಂತಳು. ಹುಲ್ಲಿನ ಮೇಲೆ ಟ್ರ್ಯಾಕ್ಟರು ಸುರಿದು ಹೋದ ಕಲ್ಲಿನ ಗುಡ್ಡೆ. ಹೊಳೆಯಲ್ಲಿ ನುಣುಪಾದ ಕಲ್ಲುಗಳು. ಎಲ್ಲದರ ಮೇಲೆ ಕರಿಯದೊಂದು, ಸುತ್ತಲೂ ಬಿಳಿಯ ಗೆರೆ, ಕಂಬಳಿಗೆ ಅಂಚು ಹೊಲಿದ ಹಾಗೆ.

ಪೊದೆಯ ಸಂದಿಯಿಂದ ಸಿಳ್ಳೆಯೂ ಆಗಲೇ ಅದನ್ನು ಕಂಡ.

ಅವರಲ್ಲಿ ಸತ್ತವರಿಗೆ ಗೋರಿಯಿಲ್ಲ, ಹೆಸರಿನ ಹಲಗೆಯಿಲ್ಲ. ಹುಲ್ಲುಹಾಸಿನ ಆ ತುದಿಯ ದೊಡ್ಡ ಮರದ ಕೆಳಗೆ ಮಣ್ಣು ಮಾಡಿ, ತಲೆಯ ಕಡೆಗೆ ಹೊಳೆಯ ಕಲ್ಲೊಂದನ್ನು ಕೂರಿಸುತ್ತಾರೆ. ಕಲ್ಲು ಹಿರಿಯ ಮಗನೇ ಹುಡುಕಿ ತರಬೇಕು. ಕಣ್ಣಿಗೆ ಬೀಳದ, ಸಾದಾ ಕಲ್ಲನ್ನೇ ತರಬೇಕು. ಅಪ್ಪ ಸತ್ತಾಗ ಸಿಳ್ಳೆ ಕೇಳಲಿಲ್ಲ. ನಮ್ಮಪ್ಪನ ಎಂಟ್ರಿ ಜಬರ್ದಸ್ತಾಗಿರಬೇಕು ಅಂತ ಹೊಳೆಯೆಲ್ಲ ಜಾಲಾಡಿ ಆ ಗೆರೆಯ ಕಲ್ಲನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಕಣ್ಣಿಗೆ ಬಿದ್ದ ಕಲ್ಲು ನಿಲ್ಲಲ್ಲ ಮಗಾ, ಎಂದು ಕೇರಿಯ ಹಿರಿಯಜ್ಜಿ ಗೊಣಗಿದ್ದಳು. ನಿಲ್ಲಲಿಲ್ಲ. ಹೋದ ವಾರ ಟೋಪಿ ಮೇಡಂ ಆ ಕಡೆ ಸುತ್ತಾಡಿ, ಅಯ್ಯೋ ಎಷ್ಟು ಮುದ್ದಾದ ಕಲ್ಲು ಅಂದದ್ದನ್ನು ಸಿಳ್ಳೆ ತನ್ನ ಕಿವಿಯಾರೆ ಕೇಳಿದ್ದ. ಕಣ್ಣಿಗೆ ಬಿದ್ದದ್ದು ಒಂದು. ಟ್ರ್ಯಾಕ್ಟರು ಬಾಚಿದ್ದು ಅಷ್ಟನ್ನೂ.

ಅಮ್ಮ ಪೊರಕೆ ಹಿಡಿದುಕೊಂಡೇ ಆಫೀಸರ ಮುಂದೆ ಹೋಗಿ ನಿಂತಳು. ಈ ಕಲ್ಲು ದೊಡ್ಡ ಮರದ ಬುಡದ್ದು, ನಮ್ಮವರ ತಲೆಯ ಹತ್ತಿರ ಇದ್ದದ್ದು, ಇದೊಂದು ನನ್ನ ಗಂಡನದು ಅಂತ ಮೆಲ್ಲಗೆ ಹೇಳಿದಳು.

"ಗಂಡಂದು ಅಂತ ಎಲ್ಲಿ ಬರ್ದಿದೆ, ತೋರ್ಸು."

"ಬರಿಯಲ್ಲ ಸಾರ್ ನಾವು. ಕೂರಿಸ್ತೀವಿ ಅಷ್ಟೆ."

"ಕಲ್ಲಲ್ಲಿ ಗಂಡ ಕಾಣ್ತಾನಂತೆ ಇವ್ಳಿಗೆ." ಆಫೀಸರು ಗೇಟಿನ ಕಡೆ ತಿರುಗಿ ನಕ್ಕ. "ಇವತ್ತು ಕಲ್ಲು ಜೋಡಿಸೋ ಆಟ ಇದೆ. ಸಾಯಂಕಾಲ ಸಿಮೆಂಟ್ ಬರುತ್ತೆ, ಎಲ್ಲಾ ಸೇರಿಸಿ ಕಟ್ಟೆ ಕಟ್ತೀವಿ. ಆಮೇಲೆ ಬೇಕಾದ್ರೆ ಕಟ್ಟೆ ಮೇಲೆ ಮಲ್ಕೋ, ಗಂಡ ಸಿಕ್ತಾನೆ."

ಗೇಟಿನಲ್ಲಿದ್ದವನು ಬೀಗದ ಮಾವ, ಅಮ್ಮನ ಸ್ವಂತ ತಮ್ಮ. ಸೊಂಟದಲ್ಲಿ ಕೀ ಗೊಂಚಲು, ತಲೆಗೆ ಖಾಕಿ ಟೋಪಿ. ಗೇಟಿಗೆ ಸೇರಿದ ಮೇಲೆ ಕೇರಿಯವರನ್ನು ಮಾತಾಡಿಸುವಾಗಲೂ ಅರ್ಧ ಆಫೀಸರ ಗತ್ತು. ಸಾಹೇಬರು ನಕ್ಕರಲ್ಲ ಅಂತ ಅವನೂ ಹಲ್ಲು ಬಿಟ್ಟ. ಅಕ್ಕ ತನ್ನ ಕಡೆ ನೋಡಿದ ಮೇಲೆ ಕೀ ಎಣಿಸುವವನ ಹಾಗೆ ತಲೆ ಬಗ್ಗಿಸಿದ.

ಅಮ್ಮ ಬಗ್ಗಿ ಆ ಕಲ್ಲಿನ ಮೇಲೆ ಕೈಯಿಟ್ಟಳು. ಆಫೀಸರು ಬೂಟಿನ ತುದಿಯಿಂದ ಆ ಕೈಯನ್ನು ಪಕ್ಕಕ್ಕೆ ಸರಿಸಿದ, ದಾರಿಯಲ್ಲಿ ಬಿದ್ದ ಕಡ್ಡಿ ಸರಿಸುವಷ್ಟೇ ಆರಾಮವಾಗಿ. ಪೊದೆ ಅಲ್ಲಾಡಿತು. ಅಮ್ಮ ಪೊದೆಯ ಕಡೆ ನೋಡಿ ಕಣ್ಣಿನಲ್ಲೇ, ಕೂತ್ಕೋ ಅಂದಳು. ಆಚೆ ಬಸ್ಸಿನ ಹಾರನ್ ಕೇಳಿಸಿತು.

ಬಳಗದವರು ಇಳಿದರು. ಮರ ತಬ್ಬಿಕೊಂಡರು. ಆಮೇಲೆ ಟೋಪಿ ಮೇಡಂ ಎಲ್ಲರನ್ನೂ ಗುಡ್ಡೆಯ ಸುತ್ತ ನಿಲ್ಲಿಸಿ, ಒಂದರ ಮೇಲೊಂದು ಕಲ್ಲು ಇಡುತ್ತ ಹೋದರೆ ಮನಸ್ಸಿನ ಭಾರ ಇಳಿಯುತ್ತದೆ ಅಂತ ಉಪದೇಶ ಮಾಡಿದಳು. ಯಾರ ಭಾರ ಯಾರ ಮೇಲೆ ಇಳಿಯುತ್ತದೆ ಅನ್ನುವುದನ್ನು ಹೇಳಲಿಲ್ಲ. ಕೆಂಪು ಚಡ್ಡಿಯ ಒಬ್ಬ ದಪ್ಪ ಮನುಷ್ಯ ಗೆರೆಯ ಕಲ್ಲಿನ ಮೇಲೆ ಕೂತು ಶೂ ಲೇಸು ಕಟ್ಟಿಕೊಂಡ. ಆಮೇಲೆ ಅದರ ಮೇಲೆ ಜ್ಯೂಸಿನ ಬಾಟಲಿ ಇಟ್ಟ. ಆಮೇಲೆ ಎದೆಯೆತ್ತರದ ಗೋಪುರ ಮಾಡಿ, ಗೆರೆಯ ಕಲ್ಲನ್ನೇ ಎತ್ತಿ ತುದಿಗಿಟ್ಟು, ಪಕ್ಕದಲ್ಲಿ ಬೆರಳು ಎತ್ತಿ ನಿಂತ. ಕ್ಲಿಕ್ ಕ್ಲಿಕ್ ಅಂದವು ಫೋನುಗಳು.

ಗೋಡೆಯ ಹಿಂದೆ ಕೂರಲಾಗದೆ ಅಮ್ಮ ಎದ್ದು ಬಂದಿದ್ದಳು. ಗೋಪುರದ ಹತ್ತಿರ ಕೈ ಕಟ್ಟಿ ನಿಂತಳು. ಏನೂ ಮುಟ್ಟಲಿಲ್ಲ.

"ಅಮ್ಮಾ, ಸ್ವಲ್ಪ ಆ ಕಡೆ," ಟೋಪಿ ಮೇಡಂ ಬಲು ಮೃದುವಾಗಿ ಹೇಳಿದಳು. "ಫೋಟೋದಲ್ಲಿ ಬರ್ತಿದೀರ."

ಅಮ್ಮ ಹಿಂದೆ ಸರಿದಳು. ಇನ್ನೂ ಸ್ವಲ್ಪ ಅಂದರು. ಇನ್ನೂ ಸರಿದಳು. ಹಾಗೆ ಸರಿದು ಸರಿದೇ ಅವರು ಬೇಲಿಯಾಚೆ ಹೋದದ್ದು ಅಂತ ಸಿಳ್ಳೆಗೆ ಆಗ ಹೊಳೆಯಿತು.

ಕಡೆಯದಾಗಿ ಮೌನ ಕೂಟ. ಎಲ್ಲರೂ ಚಾಪೆಯ ಮೇಲೆ ಕಾಲು ಮಡಚಿ ಕೂತು ಕಣ್ಣು ಮುಚ್ಚಿದರು. ಕಾಡು ನಿಮ್ಮ ಹತ್ತಿರ ಏನೋ ಹೇಳಬೇಕು ಅಂತಿದೆ, ಕೇಳಿಸ್ಕೊಳ್ಳಿ ಎಂದಳು ಟೋಪಿ ಮೇಡಂ. ಆಫೀಸರು ಪೊದೆಯ ಕಡೆಗೆ ಚಿಟಿಕೆ ಹೊಡೆದ. ಅಂದರೆ, ಹಕ್ಕಿ ಬರಲಿ.

ಸಿಳ್ಳೆ ಬೆರಳು ಬಾಯಿಗಿಟ್ಟ. ತೆಗೆದ.

ಅವರಲ್ಲಿ ಒಂದು ಕೂಗು ಇದೆ. ಹೊಟ್ಟೆಯ ತಳದಿಂದ ಎದ್ದು, ಮೂರು ಕಡೆ ಮುರಿದು, ಕಡೆಗೆ ಉದ್ದಕ್ಕೆ ಎಳೆಯುವ ಕೂಗು. ಕೇರಿಯಲ್ಲಿ ಜೀವ ಹೋದಾಗ ಮಾತ್ರ ಕೂಗುವುದು. ಕೇಳಿದವರು ಕೈಯಲ್ಲಿದ್ದುದನ್ನು ನಿಂತಲ್ಲೇ ಇಳಿಸಿ ಬರಬೇಕು. ಮೊಲೆ ಕುಡಿಯುವ ಕೂಸನ್ನೂ ಬಿಡಿಸಿಕೊಂಡು ಬರಬೇಕು. ಬಂದವರು ಕಲ್ಲು ಕೂರುವ ತನಕ ಏಳುವ ಹಾಗಿಲ್ಲ. ಸಿಳ್ಳೆ ಚಿಕ್ಕವನಿದ್ದಾಗ ತಮಾಷೆಗೆ ಒಂದು ಸಲ ಕೂಗಿಬಿಟ್ಟಿದ್ದ. ಇಡೀ ಕೇರಿ ಎದ್ದು ಬಿದ್ದು ಓಡಿ ಬಂತು. ಅಪ್ಪ ಕಪಾಳಕ್ಕೆ ಎರಡು ಬಿಟ್ಟು, ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದ: ಕೂಗಿದವನು ಹೆಣ ತೋರಿಸ್ಬೇಕು, ಮಗಾ. ಅದು ಆಟದ ಸಾಮಾನಲ್ಲ.

ಸಿಳ್ಳೆ ಎದ್ದು ನಿಂತ. ಪೊದೆಯ ಮೇಲೆ ದೊಡ್ಡ ಬುರುಡೆ, ಹಸಿರು ಅಂಗಿ, ಎರಡು ಕೈ, ಎಲ್ಲ ಕಾಣುವ ಹಾಗೆ ನಿಂತ. ಕೂಗಿದ.

ಟಾಯ್ಲೆಟ್ ಗೋಡೆಯ ಹಿಂದೆ ಪೊರಕೆಗಳು ಕೆಳಗೆ ಬಿದ್ದವು. ಟೀ ಕಾಸುತ್ತಿದ್ದ ಸಿಳ್ಳೆಯ ಚಿಕ್ಕಮ್ಮ ಕೆಟಲನ್ನು ನೆಲಕ್ಕಿಳಿಸಿದಳು. ಬೇಲಿಯಾಚೆ ಶೆಡ್ಡುಗಳಲ್ಲಿ ತಗಡಿನ ಬಾಗಿಲು ತೆರೆದ ಸದ್ದು. ಗೇಟಿನಲ್ಲಿ ಬೀಗದ ಮಾವ ಒಂದು ಗಳಿಗೆ ಕಲ್ಲಾಗಿ ನಿಂತಿದ್ದವನು ಗೇಟು ಪೂರ್ತಿ ತೆಗೆದು ಕೇರಿಯನ್ನು ಒಳಗೆ ಬಿಟ್ಟ. ಕಡೆಯವಳಾಗಿ ಹಿರಿಯಜ್ಜಿ ಕೋಲೂರಿಕೊಂಡು ಬಂದ ಮೇಲೆ ಒಳಗಿನಿಂದ ಬೀಗ ಹಾಕಿದ.

ಟೋಪಿ ಮೇಡಂ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದಳು. ಎಂಥಾ ದನಿ, ಇದ್ಯಾವ ಹಕ್ಕಿ ಎಂದು ಪಿಸುಗುಟ್ಟಿದಳು. ಕಣ್ಣು ಬಿಟ್ಟರೆ ಚಾಪೆಗಳ ಸುತ್ತ ಎಲ್ಲೆಲ್ಲೂ ಬರಿಗಾಲುಗಳು.

ಆಫೀಸರು ಓಡಿ ಬಂದು ಸಿಳ್ಳೆಯ ಕಾಲರು ಹಿಡಿದು ಪೊದೆಯಿಂದ ಎಳೆದ. ಏನೋ ಅದು ಕೂಗು, ಸೂಳೆಮಗನೆ, ಏನು ನಾಟಕ ಅಂತ ಮುಖಕ್ಕೆ ಉಗುಳು ಹಾರಿಸಿದ. ಸಿಳ್ಳೆ ಅವನ ಕಡೆ ನೋಡಲೇ ಇಲ್ಲ. ಹಿರಿಯಜ್ಜಿ ಎದುರಿಗೆ ಬಂದು ನಿಂತಿದ್ದಳು.

"ಕೂಗಿದ್ದು ನೀನೇನೋ?"

"ಹೂಂ ಅಜ್ಜಿ."

"ಹೆಣ ಎಲ್ಲಿ?"

ಸಿಳ್ಳೆ ಗೋಪುರದ ತುದಿಗೆ ಬೆರಳು ತೋರಿಸಿದ.

"ಅಪ್ಪ. ಎರಡನೇ ಸಲ."

ಹಿರಿಯಜ್ಜಿ ನೋಡಿದಳು. ಗುಡ್ಡೆಯನ್ನೂ ನೋಡಿದಳು, ಉಳಿದ ಗೋಪುರಗಳನ್ನೂ ನೋಡಿದಳು. ಕೋಲು ಕೆಳಗಿಟ್ಟು ನೆಲಕ್ಕೆ ಕೂತಳು. ಹಿಂದೆಯೇ ಕೇರಿಯೆಲ್ಲ ಕೂತಿತು.

ಅಮ್ಮ ಮಾತ್ರ ನಿಂತಿದ್ದಳು. ಕೆಂಪು ಚಡ್ಡಿಯವನ ಗೋಪುರದಿಂದ ಗೆರೆಯ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಗೋಪುರ ಕುಸಿದು ಅವನ ಶೂ ಮೇಲೆ ಬಿತ್ತು. ಅವನು ಕೂಗಿಕೊಂಡದ್ದಕ್ಕೆ ಯಾರೂ ತಿರುಗಲಿಲ್ಲ. ಕಲ್ಲನ್ನು ಸೆರಗಿನಲ್ಲಿ ಸುತ್ತಿ, ಹುಲ್ಲುಹಾಸು ದಾಟಿ, ದೊಡ್ಡ ಮರದ ಕೆಳಗೆ ಅದರ ಗುಳಿಯಲ್ಲೇ ಕೂರಿಸಿದಳು. ಆಮೇಲೆ ಒಬ್ಬೊಬ್ಬರೇ ಗುಡ್ಡೆಯ ಹತ್ತಿರ ಬಂದು, ಕೈಯಾಡಿಸಿ, ತೂಕ ನೋಡಿ, ತಮ್ಮ ತಮ್ಮವರನ್ನು ಎತ್ತಿಕೊಂಡು ಹೋದರು. ಚಿಕ್ಕಮ್ಮ ಅಂಗೈಯಗಲದ್ದೊಂದನ್ನು ಹುಡುಕಿ ಮಡಿಲಿಗೆ ಹಾಕಿಕೊಂಡಳು. ಅದು ಮಾತು ಬರುವ ಮುಂಚೆಯೇ ಹೋದ ಕೂಸಿನದು.

ಬಳಗದವರು ಬ್ಯಾಗು ಎತ್ತಿಕೊಂಡು ಗೇಟಿಗೆ ಧಾವಿಸಿದರು. ಬೀಗದ ಮಾವ ಅಡ್ಡ ನಿಂತಿದ್ದ.

"ಕಲ್ಲು ಕೂರೋ ತನಕ ಯಾರೂ ಹೋಗೋ ಹಾಗಿಲ್ಲ. ಸಾವಿನ ಮನೆ ಇದು."

"ಬೀಗ ತೆಗಿಯೋ," ಅಂದ ಆಫೀಸರು. "ಕೆಲ್ಸ ಹೋಯ್ತು ಅನ್ಕೋ ನಿಂದು."

ಮಾವ ಖಾಕಿ ಟೋಪಿ ತೆಗೆದು ಗೇಟಿನ ಕಂಬದ ತಲೆಗಿಟ್ಟ. "ಹೋಯ್ತು ಸಾರ್. ಕೂತ್ಕೊಳ್ಳಿ."

ಆಫೀಸರು ಪೊಲೀಸರಿಗೆ ಫೋನು ಮಾಡಿದ. ಬರ್ತಿದಾರೆ, ಒಬ್ಬೊಬ್ಬನ ಚರ್ಮ ಸುಲಿಸ್ತೀನಿ ಅಂತ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ. ಕೇರಿಯವರು ಮರದ ಕೆಳಗಿನ ಕೆಲಸ ಮುಗಿಸಿ, ಕೈ ಒರೆಸಿಕೊಳ್ಳುತ್ತ ಬಂದು ಅವನ ಸುತ್ತ ಕೂತರು. ಬಳಗದವರೂ ಬೇರೆ ದಾರಿ ಕಾಣದೆ ಮತ್ತೆ ಚಾಪೆಯ ಮೇಲೆ ಕೂತಿದ್ದರು. ಈ ಸಲ ಯಾರೂ ಕಣ್ಣು ಮುಚ್ಚಿರಲಿಲ್ಲ.

ಹುಲ್ಲಿನ ಮೇಲೆ ಒಂದು ಕಲ್ಲು ಉಳಿದಿತ್ತು. ಗೆರೆಯಿಲ್ಲ, ಬಣ್ಣವಿಲ್ಲ, ಕಣ್ಣಿಗೆ ಬೀಳದ, ಸಾದಾ, ಬೂದು ಕಲ್ಲು. ಹಿರಿಯಜ್ಜಿ ಎಲ್ಲರ ಮುಖ ನೋಡಿದಳು. ನಮ್ಮದಲ್ಲ, ನಮ್ಮದಲ್ಲ ಅಂತ ಒಬ್ಬೊಬ್ಬರೇ ತಲೆಯಾಡಿಸಿದರು. ಮರದ ಕೆಳಗೆ ಗುಳಿಗಳೆಲ್ಲ ತುಂಬಿದ್ದವು. ಅಮ್ಮ ಅದನ್ನು ಎತ್ತಿಕೊಂಡಳು. ಬೂಟು ತಾಗಿದ ಕೈಯಿಂದಲೇ ಮಣ್ಣು ಒರೆಸಿದಳು. ತಂದು ಆಫೀಸರ ಬೂಟಿನ ಮುಂದೆ ಮೆಲ್ಲಗೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕೂತಳು.

ಆಫೀಸರು ಕಲ್ಲು ನೋಡಿದ. ಗೇಟು ನೋಡಿದ. "ಯಾರ್ದೋ ಇದು?"

ಸಿಳ್ಳೆ ಹಸಿರು ಅಂಗಿ ಬಿಚ್ಚಿ ಪೊದೆಯ ಮೇಲೆ ಎಸೆದ.

"ಇನ್ನೂ ಗೊತ್ತಾಗಿಲ್ಲ ಸಾರ್."

ಕಲ್ಲು ಕೂರುವ ತನಕ ಯಾರೂ ಏಳುವ ಹಾಗಿರಲಿಲ್ಲ.