ಕಿಟಕಿ ಕಾಣದ ಸಾಲು

ಆ ಬೆಳಿಗ್ಗೆ ಉಪ್ಪಿನ ದ್ವೀಪದ ಮುಂದೆ ಇತ್ಯರ್ಥವಾಗದೆ ಉಳಿದಿದ್ದ ಅತಿ ಗಂಭೀರ ಪ್ರಶ್ನೆಯೆಂದರೆ, ಸಾವಿನ ಊಟಕ್ಕೆಂದು ಮೊಕ್ಪೊ ಬಂದರಿನಿಂದ ತರಿಸಿದ ಹುಳಿಸಿದ ತೊರಕೆ ಮೀನು ಮೂಗಿಗೆ ಸಾಕಷ್ಟು ಹೊಡೆಯುತ್ತದೆಯೋ ಇಲ್ಲವೋ ಎಂಬುದು. ಚರ್ಚಿನ ಅಡುಗೆಮನೆಯಲ್ಲಿ ಒಕ್ಬುನ್ ಮೂರನೆಯ ತುಂಡನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಊಹೂಂ, ಕಣ್ಣಲ್ಲಿ ನೀರು ಬರ್ಲಿಲ್ಲ. ಇದನ್ನ ಬಡಿಸಿದ್ರೆ ಪಿಲ್ಸುನ್ ಅಕ್ಕ ಪೆಟ್ಟಿಗೆಯಿಂದ ಎದ್ದು ಬಂದು ಬೈತಾಳೆ."

"ಬರ್ಲಿ ಬಿಡೇ. ಗುಡ್ಡ ಹತ್ತಿಸಿ ಹೊರೋದು ತಪ್ಪುತ್ತೆ," ಎಂದು ಅವಳ ಗಂಡ ಹೊರಗೆ ಇಣುಕಿದ. ನಗು ಅಲ್ಲೇ ನಿಂತಿತು. "ಲೇ, ಮೋಡ."

ಉಪ್ಪಿನ ಆಗರದ ಮಡಿಗಳಲ್ಲಿ ಇಪ್ಪತ್ತು ದಿನ ಬಿಸಿಲುಂಡ ಉಪ್ಪುನೀರಿತ್ತು. ಮಳೆಗೆ ಮುಂಚೆ ಅದನ್ನು ಮುಚ್ಚಿದ ಗುಂಡಿಗಳಿಗೆ ಹರಿಸದಿದ್ದರೆ ಅಷ್ಟೂ ಬರೀ ನೀರು. ಆದರೆ ಸತ್ತವಳ ಗಂಡ ಏಳುವ ತನಕ ಶವಪೆಟ್ಟಿಗೆಯ ಮುಂದಿನಿಂದ ಯಾರೂ ಕದಲಬಾರದು. ದ್ವೀಪದ ಕಟ್ಟಳೆ. ಪಿಲ್ಸುನಳ ಗಂಡ, ನಲವತ್ತು ವರ್ಷ ಚರ್ಚಿನ ಹೊಸಿಲು ದಾಟದ ದುಶಿಕ್, ಇಂದು ಹೆಂಡತಿಯ ಜಾಗದಲ್ಲೇ, ಮೊದಲ ಸಾಲಿನಲ್ಲಿ ಕೂತಿದ್ದ.

ಹಾಡು ಶುರುವಾಯಿತು. ಹೊರಗೆ ಮಡಿಗಳ ತುಂಬ ಆಕಾಶ ಮಲಗಿತ್ತು. ಮೋಡವು ಮೇಲೊಂದು, ಕೆಳಗೊಂದು, ಅವಸರವಿಲ್ಲದೆ ತೇಲಿ ಬರುತ್ತಿತ್ತು. ಕತ್ತುಗಳೆಲ್ಲ ಕಿಟಕಿಯತ್ತ. ಒಕ್ಬುನ್ ಬಗ್ಗಿ ಬಂದು ದುಶಿಕನ ಕಿವಿಯಲ್ಲಿ ಪಿಸುಗುಟ್ಟಿದಳು:

"ತೆಹುನನ ಅಪ್ಪಾ, ಮೋಡ ಬಂತು. ನೀವು ಎದ್ರೆ ಎಲ್ರೂ ಏಳ್ತಾರೆ."

*

ವರ್ಷಗಳ ಹಿಂದೆ, ಮಗ ತೆಹುನನ ದೋಣಿ ಸಮುದ್ರದಿಂದ ಮರಳದೆ ಮೂರು ದಿನವಾಗಿತ್ತು. ಪಿಲ್ಸುನ್ ಬೆಳಗಿನ ಜಾವದ ಪ್ರಾರ್ಥನೆಯಲ್ಲಿದ್ದಳು. ದುಶಿಕ್ ಬಾಗಿಲಲ್ಲಿ ನಿಂತು, "ಮೋಡ ಕಣೇ!" ಎಂದು ಕೂಗಿದ. ಅವಳು ತಿರುಗಲಿಲ್ಲ. ಆಮೆನ್ ಮುಗಿಸಿಯೇ ಓಡಿ ಬಂದಳು. ಅಷ್ಟರಲ್ಲಿ ಮಳೆ ಬಿದ್ದು ಅರ್ಧ ಉಪ್ಪುನೀರು ಹಾಳಾಗಿತ್ತು.

"ನಿನಗೆ ಕಣ್ಣಿಲ್ವಾ?"

"ಇದೆ, ಅದಕ್ಕೇ ಮುಂದೆ ಕೂರೋದು," ಎಂದಳು, ಮಡಿಯ ತೂಬಿನ ಹಲಗೆ ಎಳೆಯುತ್ತಲೇ. "ಹಿಂದೆ ಕೂತ್ರೆ ಕಿಟಕಿ ಕಾಣುತ್ತೆ. ಕಿಟಕೀಲಿ ಸಮುದ್ರ ಕಾಣುತ್ತೆ. ಸಮುದ್ರ ಕಂಡ್ರೆ, ಯಾರ ಹತ್ರ ಕೇಳೋಕೆ ಬಂದೆ ಅನ್ನೋದೇ ಮರೆತುಹೋಗುತ್ತೆ."

ಹುಡುಗ ಬರಲಿಲ್ಲ. ಅವಳು ಮೊದಲ ಸಾಲು ಬಿಡಲಿಲ್ಲ. ದುಶಿಕ್ ಅವಳೊಂದಿಗೆ ಒಂದು ತಿಂಗಳು ಮಾತು ಬಿಟ್ಟಿದ್ದ.

*

ದುಶಿಕ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ನಿಜಕ್ಕೂ ಗೋಡೆ, ಮರದ ಶಿಲುಬೆ, ಪೆಟ್ಟಿಗೆಯಲ್ಲಿ ಅವಳು, ಬೇರೇನೂ ಕಾಣಲಿಲ್ಲ.

"ಇನ್ನೆಷ್ಟಿದೆ, ಪಾದ್ರಿಗಳೇ?"

"ಎರಡು ಚರಣ. ಬೇಗ ಹಾಡಿಸ್ಲಾ?"

"ಬೇಡ. ಅವಳು ಯಾವತ್ತೂ ಬೇಗ ಹಾಡ್ದೋಳಲ್ಲ."

ಅವನು ಎದ್ದು ನಿಂತು ಜನರತ್ತ ತಿರುಗಿದ. "ನಾನು ಎದ್ದಿದೀನಿ, ಸರಿಯಾಗಿ ನೋಡ್ಕೊಳ್ಳಿ. ಇನ್ನು ಓಡಿ."

ಮತ್ತೆ ಕೂತ.

"ನಿಮ್ಮ ಆಗರ?" ಎಂದಳು ಒಕ್ಬುನ್.

"ನಿನ್ನದು ನೋಡ್ಕೋ ಹೋಗಮ್ಮ."

ಕರಿ ಬಟ್ಟೆಯ ಮಂದಿ ಷರಾಯಿ ಮಡಚಿಕೊಂಡು, ಪಾದದ ಕೆಳಗೆ ಮೋಡಗಳನ್ನು ಚದುರಿಸುತ್ತಾ ಮಡಿಗಳ ಮೇಲೆ ಓಡಿದರು. ದೂರದಿಂದ ನೋಡಿದವರಿಗೆ ಅವರು ಆಕಾಶದಲ್ಲೇ ಓಡುತ್ತಿರುವಂತೆ ಕಂಡಿತು. ಒಳಗೆ ಪಾದ್ರಿ ಹಾಡಿದರು. ದುಶಿಕ್, ಹಾಡಿನ ಸಾಲು ಗೊತ್ತಿಲ್ಲದೆ, ಒಂದು ಪದ ಹಿಂದೆ ಹಿಂದೆಯೇ ಹಾಡಿದ.

ಒಕ್ಬುನಳದೂ ಸೇರಿ ಆರು ಮನೆಯವರ ಉಪ್ಪುನೀರು ಉಳಿಯಿತು. ದುಶಿಕನ ಆಗರ ದ್ವೀಪದ ತುದಿಯಲ್ಲಿತ್ತು. ಅಲ್ಲಿಗೆ ಮಳೆ ಮೊದಲು ತಲುಪಿತು.